ಮುಷ್ಟಿಯಷ್ಟು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರುಂಟು.
ನನ್ನ ಅತ್ತೆ ಹೆಸರನ್ನೇ ಹೊಲಿಸಿಟ್ಟಿದ್ದಳು.
ಮದುವೆಯ ದಿನ ಕಂಬಳಿ ಹೊದಿಸಿ, ಎದೆಯ ಬಳಿ ಪಿನ್ನು ಚುಚ್ಚಿ
ಅಂದಳು: ಇವತ್ತಿನಿಂದ ನೀನು ಮಾ-ಖೋತ್ಸೊ,
ಖೋತ್ಸೊನ ತಾಯಿ.

ಖೋತ್ಸೊ ಅಂದರೆ ನಮ್ಮಲ್ಲಿ ನೆಮ್ಮದಿ.
ಎರಡು ವರ್ಷದಲ್ಲಿ ಎರಡು ಸಲ
ಹೊಸ್ತಿಲವರೆಗೆ ಬಂದು ಹೊರಳಿ ಹೋದ.
ಎರಡು ಸಲವೂ ಮೂರನೇ ದಿನಕ್ಕೆ
ನಾನು ಮತ್ತೆ ಮೆಷಿನ್ನಿನ ಮುಂದೆ.
ಅವನ ಹೆಸರು ಮಾತ್ರ ಹೋಗಲಿಲ್ಲ.
ಬೆಳಿಗ್ಗೆ ನನ್ನೊಂದಿಗೇ ಏಳುತ್ತದೆ, ಜೋಳದ ಗಂಜಿ ತಿರುವುತ್ತದೆ,
ಹಿಮ ಗಟ್ಟಿದ ರಸ್ತೆಯಲ್ಲಿ ಮೂರು ಮೈಲಿ ನಡೆದು
ಮಸೇರುವಿನ ಜೀನ್ಸ್ ಕಾರ್ಖಾನೆಯ ಗೇಟಿನಲ್ಲಿ ಹಾಜರಿ ಹಾಕುತ್ತದೆ.

ನನ್ನ ಕೆಲಸ ಜಿಪ್ಪು. ಗಂಟೆಗೆ ನೂರಿಪ್ಪತ್ತು.
ಯಾವುದೋ ದೇಶದ ಯಾರದೋ ಸೊಂಟದ ಕೆಳಗೆ
ತೆರೆಯುವುದನ್ನೂ ಮುಚ್ಚುವುದನ್ನೂ
ಅವರವರಿಗೇ ಬಿಟ್ಟ ಹಲ್ಲುಸಾಲು.
ಕಕ್ಕಸಿಗೆ ಹೋಗಲು ನಲವತ್ತು ಜನಕ್ಕೆ ಒಂದು ಬಿಲ್ಲೆ.
ತಿಂಗಳ ದಿನಗಳಲ್ಲಿ ಆ ಬಿಲ್ಲೆಗೆ ಕಾಯುತ್ತಾ
ಕಾಲಿಗೆ ಕಾಲು ಹೆಣೆದುಕೊಂಡು ಹೊಲಿದ ಜಿಪ್ಪನ್ನು
ನೀವು ತೊಟ್ಟಿರಲೂಬಹುದು.

ಗುರುವಾರ ಊಟದ ಹೊತ್ತಿಗೆ ನರ್ಸ್ ಪುಸೆಲೆತ್ಸೊ ಬಂದಳು.
ತಗಡಿನ ಪೆಟ್ಟಿಗೆಯಿಂದ ತೆಗೆದದ್ದು
ನಮ್ಮದೇ ಕತ್ತರಿಚೂರುಗಳಲ್ಲಿ ಹೊಲಿದ ಒಂದು ಚೀಲ,
ನೀಲಿ ಡೆನಿಮ್ಮು, ಆಚೀಚೆ ಎರಡು ತೋಳು,
ತೋಳ ತುದಿಗೊಂದೊಂದು ಗುಂಡಿ.
ಏನಿದು ಹೇಳಿ?
ಆಡಿನ ತಲೆ, ಅಂದಳು ಯಾರೋ ಹಿಂದಿನಿಂದ.
ನಕ್ಕೆವು. ಆಮೇಲೆ ಗೊತ್ತಾಯಿತು.

ಪೊಪೆಲೊ ಅನ್ನುತ್ತೇವೆ ಗರ್ಭಕ್ಕೆ.
ಮಣ್ಣು ನಾದಿ ಗಡಿಗೆ ಮಾಡುವ ಮಾತಿನ ನೆಂಟ ಆ ಪದ.
ಮಣ್ಣು ಯಾರದು, ಗಡಿಗೆ ಯಾರದು
ಪದ ಹೇಳುವುದಿಲ್ಲ.

ಎಷ್ಟು ದೊಡ್ಡದಿರಬಹುದು?
ಏಳು ಹೆತ್ತ ಮಾ-ಮೊಲೆಫಿ ಎರಡೂ ಕೈ ಚಾಚಿ
ಕುಂಬಳದಷ್ಟು ತೋರಿಸಿದಳು.
ಅಲ್ಲ. ಖಾಲಿ ಇರುವಾಗ ಮುಷ್ಟಿಯಷ್ಟು.
ನಿಮ್ಮ ನಿಮ್ಮದೇ ಮುಷ್ಟಿ. ಮಾಡಿ ನೋಡಿ.

ಎಂಬತ್ತು ಹೆಂಗಸರು
ಗಂಜಿ ಮೆತ್ತಿದ ಬೆರಳು ಮಡಚಿ, ಎತ್ತಿ ಹಿಡಿದು,
ತಿರುಗಿಸಿ ತಿರುಗಿಸಿ ನೋಡಿಕೊಂಡೆವು.
ಗಾಜಿನಾಚೆ ಕಂಡ ಮೇಸ್ತ್ರಿ ಓಡಿ ಬಂದ:
ಏನಿದು, ಮುಷ್ಕರವೇ?
ಇಲ್ಲಪ್ಪ, ಅಂದಳು ಮಾ-ಮೊಲೆಫಿ,
ಅಳತೆ ನೋಡುತ್ತಿದ್ದೇವೆ.

ಆಮೇಲೆ ಅವಳು ಹೇಳಿದ್ದೆಲ್ಲ ನೆನಪಿಲ್ಲ.
ಕೆಳಗೆ ಉರಿ, ವಾಸನೆ ಇದ್ದರೆ ಅದು ಪಾಪದ ಫಲವಲ್ಲ, ಸೋಂಕು, ಮದ್ದಿದೆ.
ಗಣಿಯಿಂದ ಈಸ್ಟರಿಗೆ ಬರುವ ಗಂಡನಿಗೂ
ನಿರೋಧ್ ಹಾಕಿಕೋ ಎನ್ನಬಹುದು. ಬೇಡ ಎಂದೂ ಎನ್ನಬಹುದು.
ಬೇಡ.
ಬಾಯೊಳಗೇ ಒಮ್ಮೆ ಹೇಳಿ ನೋಡಿದೆ,
ಬಿಸಿ ಗೆಣಸಿನ ಹಾಗೆ ಆ ಕೆನ್ನೆಗೂ ಈ ಕೆನ್ನೆಗೂ ಹೊರಳಿತು.

ಕಾರ್ಡು ತುಂಬುವಾಗ ಕೇಳಿದೆ:
ಗಂಡನ ಸಹಿ ಎಲ್ಲಿ?
ಅದಕ್ಕೆ ಜಾಗವೇ ಇಲ್ಲ, ನೋಡು.
ಅತ್ತೆಯದು?
ನಕ್ಕಳು. ಹೆಸರು ಬರೆ ತಾಯಿ, ಗಂಟೆ ಹೊಡೆಯುತ್ತೆ.
ಯಾವ ಹೆಸರು?
ಅಪ್ಪ ಇಟ್ಟದ್ದು ಕೆನೆವೆ, ಅಂದರೆ ‘ನನಗೆ ಕೊಡಲಾಗಿದೆ’.
ಏನು ಕೊಟ್ಟರು ಎಂದು
ಇಪ್ಪತ್ತಾರು ವರ್ಷ ಯಾರೂ ಹೇಳಿರಲಿಲ್ಲ.
ಅದನ್ನೇ ಬರೆದೆ. ನಡುವಿನ ಅಕ್ಷರ ಸೊಟ್ಟಗಾಯಿತು.

ಮೂರು ತಿಂಗಳಿಗೊಂದು ಸೂಜಿ.
ಮೈ ಮೊದಲು ಮಾಯಲಿ.
ಖೋತ್ಸೊ ಬರಬೇಡ ಎಂದಿಲ್ಲ,
ಕೇಳಿ ಬರಲಿ.

ಕಾರ್ಡನ್ನು ಕಂಬಳಿಯ ಅಂಚು ಬಿಚ್ಚಿ ಒಳಗಿಟ್ಟು
ನೀಲಿ ದಾರದಲ್ಲಿ ಹೊಲಿದೆ.
ರಾತ್ರಿ ಸೀಮೆಎಣ್ಣೆ ಸ್ಟವ್ವಿನ ಪಕ್ಕ ಅತ್ತೆ
ಕಂಬಳಿ ಮಡಚುತ್ತಾ ಅಲ್ಲೇ ಬೆರಳು ನಿಲ್ಲಿಸಿದಳು.
ಒತ್ತಿ ನೋಡಿದಳು.
ನಾನು ಪಾತ್ರೆ ತಿಕ್ಕುವುದನ್ನು ಬಿಟ್ಟೆ.
ಅವಳು ಕನ್ನಡಕ ಹುಡುಕಿದಳು, ಸೂಜಿ ಹುಡುಕಿದಳು,
ಕಾರ್ಖಾನೆಯಲ್ಲಿ ಇದೇನಾ ಕಲಿಸೋದು, ಎಂಥ ಒರಟು ಹೊಲಿಗೆ,
ಯಾರ ಕಣ್ಣಿಗಾದರೂ ಬಿದ್ದೀತು, ಎನ್ನುತ್ತಾ
ಬಿಚ್ಚದೆ, ಅದರ ಮೇಲೆಯೇ
ಇರುವೆ ಸಾಲಿನಂಥ ಸಣ್ಣ ಹೊಲಿಗೆ ಹಾಕತೊಡಗಿದಳು.

ಅವಳನ್ನೂ ಊರೆಲ್ಲ ಮಗನ ಹೆಸರಿನಿಂದಲೇ ಕರೆಯುತ್ತದೆ.
ಅವಳ ಹೆಸರು ನನಗೆ ಗೊತ್ತಿಲ್ಲ.