ಎಡಗಡೀ ಪೆಟ್ಟಿಗಿ

ಚೀಟಿ ಎತ್ತಿದ್ದು ಹದಿನೆಂಟು ಸಾವಿರ.
ಗ್ಯಾಸಿಗೆ, ಭಾಗ್ಯವಂತಿಯ ಟ್ಯೂಷನ್ನಿಗೆ ಎರಡು ಹೋಗಿ
ಸೂಪರ್ ಮಾರ್ಕೆಟ್ಟಿನ ಅಂಗಡಿ ಮುಟ್ಟಿದ್ದು ಹದಿನಾರು.
ಕಲಬುರಗಿಯ ಏಪ್ರಿಲ್ ಅದು, ನೆರಳೂ ಬಿಸಿ.
ಕೈಯಾಗಿನ ಪರ್ಸು ಬೆವತಿತ್ತು.

"ಕೂಡ್ರಿ ಭಾಬಿ," ಅಂದ ಮುಕರ್ರಮ್,
"ಐದು ಪೆಟ್ಟಿಗಿ, ಒಂದು ವೂಫರ್.
ನಿಮ್ಮ ಬಜೆಟ್ಟಿಗೆ ಅಳತಿ ತಗೊಂಡು ಹೊಲಿದಂಗ ಅದ."
ಒಂದೊಂದೂ ಪಾವ್ ಕಿಲೋ ಪೇಡೆದ ಡಬ್ಬಿಯಷ್ಟು.
ಎರಡು ಬೆರಳಾಗ ಎತ್ತಿದೆ, ಎದ್ದೇ ಬಿಟ್ಟಿತು.
ಸಂತಿಯಾಗ ಕುಂಬಳಕಾಯಿ ತೂಗಿ ನೋಡಿದಾಕಿಗೆ
ಪೊಳ್ಳು ಅಂದ್ರ ಏನಂತ ಯಾರೂ ಹೇಳಬೇಕಿಲ್ಲ.

ಅವ ಗುಂಡಿ ಒತ್ತಿದ.
ಬೆನ್ನ ಹಿಂದ ಬಾಂಬು, ತಲಿ ಮ್ಯಾಲ ಹೆಲಿಕಾಪ್ಟರು,
ಮಗಳು ಬಗ್ಗಿ ಕಿವಿ ಮುಚ್ಚಿ ನಕ್ಕಳು.
ಶಾಂತಮಲ್ಲಪ್ಪ ಕದಲಲಿಲ್ಲ.
"ಹ್ಯಾಂಗದ ಅಣ್ಣಾ, ಸುತ್ತ ಬಂತಲ್ಲ?"
"ಒಂದೇ ಕಡಿಂದ ಬರ್ತದ," ಅಂದರು ಇವರು.
ಮುಕರ್ರಮ್ ಗಾಬರಿಯಾಗಿ ವೈರು ಜಗ್ಗಿ ನೋಡಿದ.
ವೈರು ನೆಟ್ಟಗಿದ್ದವು.

ನಾನೇ ಹೇಳಿದೆ ಮೆಲ್ಲಕ,
ಶಹಾಬಾದಿನ ಕಲ್ಲು ಪಾಲಿಶ್ ಮಷಿನ್ನು
ಹದಿನಾರು ವರ್ಷ ಎಡಕ್ಕ ಚೀರಿದ್ದು,
ಆ ಕಡಿ ಕಿವಿ ಈಗ ಬರೇ ಆಕಾರಕ್ಕ ಇರೂದು.
ಇವರಿಗೆ ಕೇಳಲಿಲ್ಲ. ನಾ ನಿಂತಿದ್ದು ಎಡಕ್ಕ.
ನಮ್ಮ ಮನಿ ಗುಟ್ಟೆಲ್ಲ ಆ ಕಡಿಂದನೇ:
ತವರಿಗೆ ಕೊಟ್ಟ ಸಾಲ,
ಮಗಳು ಗಣಿತದಾಗ ತಗೊಂಡ ಹನ್ನೊಂದು ಮಾರ್ಕು.

ಅವ ಸ್ವಲ್ಪ ಹೊತ್ತು ಸುಮ್ಮನಿದ್ದ.
ಆಮ್ಯಾಲ ಕೆಳಗಿನ ಕಪಾಟಿನಿಂದ
ಕಟ್ಟಿಗಿ ಪೆಟ್ಟಿಗಿ ಎಳೆದ, ಎರಡೇ ಎರಡು,
ಮೂಲಿ ಕೆತ್ತಿದ್ದವು, ಷೋಕೇಸಿನಾಗ ಕುಂತು ಕುಂತು
ಬಣ್ಣ ಬಿಸಿಲಿಗೆ ಹೋಗಿತ್ತು.
ಎತ್ತಲಿಕ್ಕೆ ಎರಡೂ ಕೈ ಬೇಕಾದವು.
"ಒಂಬತ್ತು ಸಾವಿರ. ಹಳೇ ಆಂಪು ಐದೂವರಿ.
ಹಿಂದಿಂದ ಏನೂ ಬರಂಗಿಲ್ಲ, ಮೊದಲೇ ಹೇಳತೀನಿ."
ಮಗಳ ಮಾರಿ ಸಣ್ಣಗಾಯಿತು,
ವಾರಗಟ್ಟಲೆ ನೋಟ್‌ಬುಕ್ಕಿನಾಗ ಬರಕೊಂಡಿದ್ದಳು
ವ್ಯಾಟು, ಓಮು, ಐದೂ ಪೆಟ್ಟಿಗಿಯ ನಕ್ಷೆ.

ಈ ಸಲ ಅವ ಬಾಂಬು ಹಚ್ಚಲಿಲ್ಲ.
ಯಾವುದೋ ಸಿನಿಮಾದಾಗ ಯಾವುದೋ ಅಡಗಿಮನಿ,
ಇಬ್ಬರು ಹೆಂಗಸರು, ಚಹಾ, ಮಾತು ಕಡಿಮಿ.
ಶಾಂತಮಲ್ಲಪ್ಪನ ಕುತ್ತಿಗಿ ಬಲಕ್ಕ ವಾಲಿತು,
ಕಲ್ಲಿನ ಬಿರುಕು ಹುಡುಕುವಾಗ ವಾಲತಿತ್ತಲ್ಲ, ಹಂಗ.
"ಸಕ್ಕರಿ ಅಲ್ಲ," ಅಂದರು,
"ಬೆಲ್ಲ. ತಳಕ್ಕ ಹತ್ಯಾದ. ಚಮಚ ಕೆರೀಲಾಕತ್ತಾದ."
ನಾ ಪರ್ಸು ತೆಗೆದೆ.

ಮನ್ಯಾಗ ಬ್ಯಾರೆ ಪೇಚು.
ನೆಲ ಪೂರಾ ಶಹಾಬಾದಿ ಕಲ್ಲು, ಇವರೇ ತಿಕ್ಕಿದ್ದು,
ನಮ್ಮ ಓಣ್ಯಾಗ ಅಂಥ ನುಣುಪು ಇಲ್ಲ.
ಸಪ್ಪಳ ಅದರ ಮ್ಯಾಲ ಬಿದ್ದು ಜಾರಿ
ಗ್ವಾಡಿಗೆ ಹೊಡೆದು ತಿರುಗಿ ಬರತಿತ್ತು.
ಜಮಖಾನಿ ಹಾಸಿದೆವು.
ಅವ್ವನ ಕೌದಿ ಟ್ರಂಕಿನಿಂದ ಬಂದು
ಹಿಂದಿನ ಗ್ವಾಡಿಗೆ ಮೊಳಿ ಬಡಿಸಿಕೊಂಡಿತು,
ಹದಿಮೂರು ಸೀರಿಯ ತುಂಡು ಈಗ ಸಪ್ಪಳ ಕುಡಿಯಲಿಕ್ಕೆ.

"ಎಡಗಡೀದು ನನಗ್ಯಾಕ? ಎರಡೂ ಬಲಕ್ಕ ಇಡು," ಅಂದರು.
"ಹಂಗ ಇಟ್ರ ಸ್ಟೀರಿಯೋ ಸಾಯ್ತದ ಅಪ್ಪಾ,"
ಮಗಳು ಟೇಪು ಹಿಡಿದು ಅಳೆದಳು,
ಪೆಟ್ಟಿಗಿ ಕದಲಿಸಲಿಲ್ಲ, ಅಪ್ಪನ್ನೇ ಕದಲಿಸಿದಳು,
ದಿವಾನದ ಎಡ ತುದಿಗೆ.
ಈಗ ಎರಡೂ ಅವರ ಬಲಕ್ಕೇ.
ಗ್ವಾಡಿ ಮತ್ತ ಅವರ ನಡುವ ಜಾಗ ಉಳಿಯಲಿಲ್ಲ.
ನಾನು ಈ ಕಡಿ ಬಂದು ಕುಂತೆ.

ಮೊದಲನೇ ಸಿನಿಮಾ ಅರ್ಧಕ್ಕ ಕರೆಂಟು ಹೋತು.
ಕತ್ತಲಾಗ ಕೌದಿ ಎಲ್ಲ ಸಪ್ಪಳ ನುಂಗಿ ಕುಂತಿತ್ತು.
ರೂಢಿಯಿಂದ, ನನಗ ನಾನೇ ಅಂತ ತಿಳಕೊಂಡು,
"ಸಾವಿರದೈನೂರು ಉಳಸೀನಿ," ಅಂದೆ.

"ಎಲ್ಲಿ ಇಟ್ಟಿ?" ಅಂದರು.