ಉಪಪ್ರಶ್ನೆ

ಸೋಮವಾರ ಬೆಳಿಗ್ಗೆ ಆರೂವರೆಗೇ
ಚಳ್ಳಕೆರೆಯ ನನ್ನ ಮನೆ ಜಗಲಿಯ ಕೆಳಗೆ ಹದಿನೇಳು ಜೊತೆ ಚಪ್ಪಲಿ.
ಯಾರಿಗೋ ವರ್ಗಾವಣೆ, ಯಾರದೋ ಮಗಳಿಗೆ ಸೀಟು.
ಒಬ್ಬನಿಗೆ ತಮ್ಮನನ್ನು ಠಾಣೆಯಿಂದ ಬಿಡಿಸಬೇಕು,
ಇನ್ನೊಬ್ಬನಿಗೆ ಅದೇ ತಮ್ಮನನ್ನು ಒಳಗೇ ಇಡಿಸಬೇಕು.
ಜಂಪಣ್ಣ ಲೆಟರ್‌ಹೆಡ್ಡಿನ ಕಟ್ಟು ಬಿಚ್ಚುತ್ತಾನೆ.
'ಸೂಕ್ತ ಕ್ರಮಕ್ಕಾಗಿ' ಎಂದು ಸಹಿ ಹಾಕುತ್ತೇನೆ.
ಕಾನೂನು ಮಾಡಲು ಕಳಿಸಿದ ಕೈ
ವಾರದ ಮೊದಲ ದಿನವೆಲ್ಲ
ಕಾನೂನಿನಲ್ಲಿ ಸಣ್ಣ ಸಣ್ಣ ಸಂದು ಹುಡುಕುತ್ತದೆ.

ಗೌರಗುಂಟೆಯ ಓಬಕ್ಕ ಬಂದದ್ದು ಮೂರು ಸೋಮವಾರಗಳ ಹಿಂದೆ.
ಪತ್ರ ಕೇಳಲಿಲ್ಲ.
"ಹಾಸ್ಟೆಲ್ಲು ಮುಗಿದೈತೆ ಅಂತ ಬೋರ್ಡು ಹಾಕವ್ರೆ ಕಣಮ್ಮ,
ಬೋರ್ಡಿನ ಹಿಂದೆ ಏನೂ ಇಲ್ಲ.
ನನ್ ಮೊಮ್ಮಗಳು ಬೋರ್ಡಿನ ಮ್ಯಾಲೆ ಮಲಗಬೇಕಾ?"

ಎಣ್ಣೆ ಮಿಲ್ಲಿನಲ್ಲಿ ಹತ್ತೊಂಬತ್ತು ವರ್ಷ ಲೆಕ್ಕ ಬರೆದವಳು ನಾನು.
ಒಳಗೆ ಹೋದ ಶೇಂಗಾ ಎಷ್ಟು, ಹೊರಬಂದ ಎಣ್ಣೆ ಎಷ್ಟು,
ಹಿಂಡಿ ಎಷ್ಟು, ಸಿಪ್ಪೆ ಎಷ್ಟು, ಆರಿಹೋದ ತೇವ ಎಷ್ಟು.
ಸಾಹುಕಾರರು ಹೇಳುತ್ತಿದ್ದರು:
ಎಣ್ಣೆ ಕದ್ದವನು ಹಿಂಡಿಯನ್ನು ಎಲ್ಲಿ ಬಚ್ಚಿಡುತ್ತಾನೆ?
ಒಂದು ಕೋಟಿ ಎಂಬತ್ತು ಲಕ್ಷ ಒಳಗೆ ಹೋಗಿದೆ.
ಹಿಂಡಿ ಕೇಳೋಣವೆಂದು ಪ್ರಶ್ನೆ ಬರೆದುಕೊಟ್ಟೆ.

ಮಂಗಳವಾರ, ರಾಜಧಾನಿ. ಸಚೇತಕರು ಪಕ್ಕಕ್ಕೆ ಕರೆದರು.
"ನಮ್ಮದೇ ಸರ್ಕಾರ ಅಲ್ಲವೇನಮ್ಮಾ, ಪ್ರಶ್ನೆ ಯಾಕೆ?
ಮಂತ್ರಿಗಳ ಕೊಠಡಿಗೆ ಬನ್ನಿ, ಕಾಫಿ ಕುಡಿದು ಮುಗಿಸೋಣ."
ನಮ್ಮದೇ.
ಸಾಹುಕಾರರ ಭಾವಮೈದುನನ ಲಾರಿಯನ್ನೂ ನಾವು
ತೂಕಕ್ಕೆ ನಿಲ್ಲಿಸುತ್ತಿದ್ದೆವು, ಅವನು ಬೈಯುತ್ತ ಇಳಿಯುತ್ತಿದ್ದ.
ವೇಬ್ರಿಜ್ಜಿಗೆ ನೆಂಟರಿಲ್ಲ.
ಕಾಫಿಯನ್ನಂತೂ ಕುಡಿದೆ. ಪ್ರಶ್ನೆ ಹಿಂತೆಗೆಯಲಿಲ್ಲ.

ಬುಧವಾರ ನನ್ನ ಸಂಖ್ಯೆ ಬರುವಾಗ
ಪ್ರಶ್ನೋತ್ತರಕ್ಕೆ ಉಳಿದದ್ದು ನಾಲ್ಕೇ ನಿಮಿಷ.
"ಕಾಮಗಾರಿ ಪೂರ್ಣಗೊಂಡಿದೆ. ಉತ್ತರ ಒದಗಿಸಲಾಗಿದೆ."
ಎದ್ದು ನಿಂತೆ. ಬರೆದುಕೊಂಡಿದ್ದ ಎರಡು ಪುಟ
ಕೈಯಲ್ಲಿ ನಡುಗುತ್ತಿತ್ತು. ಮಡಚಿಬಿಟ್ಟೆ.
"ಮಾನ್ಯ ಸಭಾಧ್ಯಕ್ಷರೇ, ಒಂದೇ ಉಪಪ್ರಶ್ನೆ.
ಆ ಕಟ್ಟಡಕ್ಕೆ ಬಾಗಿಲು ಎಷ್ಟು?"

ಮಂತ್ರಿಗಳು ಅಧಿಕಾರಿಗಳ ಗ್ಯಾಲರಿಯತ್ತ ನೋಡಿದರು.
ಒಂದು ಚೀಟಿ ಬಂತು. ವಾಪಸು ಹೋಯಿತು. ಮತ್ತೆ ಬಂತು.
ಅಷ್ಟು ಹೊತ್ತು ಆ ದೊಡ್ಡ ಸಭಾಂಗಣ
ಎಷ್ಟು ಸುಮ್ಮನಿತ್ತೆಂದರೆ
ಸರ್ಕಾರ ಉಸಿರಾಡುವುದು ಕೇಳಿಸಿತು.
"ಮಾಹಿತಿ ತರಿಸಿಕೊಡುತ್ತೇನೆ."
ವಿರೋಧ ಪಕ್ಷದವರು ಮೇಜು ಕುಟ್ಟಿದರು.
ಅದಕ್ಕೇ ಹೆಚ್ಚು ಹೆದರಿದೆ.

ಗುರುವಾರದ ಮಾತು ಹೇಳಬಾರದೆಂದಿದ್ದೆ.
ಗದ್ದಲದ ನಡುವೆ ನಾಲ್ಕು ಮಸೂದೆ, ಇಪ್ಪತ್ತೇ ನಿಮಿಷ.
ಪರವಾಗಿರುವವರು ಹೌದು ಎನ್ನಿ.
ಹೌದು ಎಂದೆ, ನಾಲ್ಕು ಸಲ.
ರಾತ್ರಿ ಶಾಸಕರ ಭವನದಲ್ಲಿ ಮೂರನೆಯದನ್ನು ಬಿಡಿಸಿದೆ.
ಒಂಬತ್ತನೇ ಕಲಮು: ದರ, ದಂಡ, ವಿನಾಯಿತಿ
ಸರ್ಕಾರ ಕಾಲಕಾಲಕ್ಕೆ ನಿಗದಿಪಡಿಸಿದಂತೆ.
ಖಾಲಿ ವೋಚರು.
ಮಿಲ್ಲಿನಲ್ಲಿ ಒಂದಕ್ಕೂ ಸಹಿ ಹಾಕದವಳು
ಇಲ್ಲಿ ಬಾಯಲ್ಲೇ ಹಾಕಿದ್ದೆ.

ಶನಿವಾರ ಗೌರಗುಂಟೆ.
ಎಂಜಿನಿಯರ್ ನನಗಿಂತ ಮೊದಲೇ ಬಂದು ಬೆವರುತ್ತಿದ್ದ.
ಮೊಣಕಾಲೆತ್ತರದ ತಳಪಾಯ, ಅದರ ಮೇಲೆ
ಗೋಡೆಯಿಲ್ಲದೆ, ಸೂರಿಲ್ಲದೆ,
ಹಸಿ ಹಸಿರು ಬಣ್ಣದ ಒಂದು ಬಾಗಿಲು.
ಗುರುವಾರ ರಾತ್ರಿ ನಿಲ್ಲಿಸಿದರಂತೆ, ಟ್ರ್ಯಾಕ್ಟರ್ ಲೈಟಿನಲ್ಲಿ.
"ಒಂದು ಬಾಗಿಲು, ಮೇಡಂ," ಎಂದ, ಉತ್ತರ ಒಪ್ಪಿಸುವವನಂತೆ.
ಮಕ್ಕಳು ಅದರ ಸುತ್ತ ಓಡುತ್ತಿದ್ದರು.
ಓಬಕ್ಕ ಚಿಲಕ ಮುಟ್ಟಿ ನೋಡಿದಳು, ಕೈಗೆ ಬಣ್ಣ ಹತ್ತಿತು.
"ಇದಕ್ಕೆ ಬೀಗ ಯಾಕವ್ವಾ?"

ಜಂಪಣ್ಣ ಡೈರಿ ತೆಗೆದ.
ಬೀಗದ ಕೈ ಯಾರ ಬಳಿ ಇದೆಯೆಂದು ಕೇಳಲು
ಇನ್ನೂ ಹದಿನೈದು ದಿನದ ನೋಟೀಸು ಬೇಕು.

ಡ್ರೈವರ್ ಹಾರ್ನ್ ಹಾಕಿದ.
ಪರಶುರಾಂಪುರದಲ್ಲಿ ಎರಡು ಮದುವೆ, ಒಂದು ತಿಥಿ.
ಸೀಟಿನ ಮೇಲೆ ಮುಂದಿನ ವಾರದ ಮಸೂದೆ,
ಅರವತ್ತೆರಡು ಪುಟ.
ದಾರಿ ಕೆಟ್ಟದ್ದು, ಅಕ್ಷರ ಕುಣಿಯುತ್ತವೆ.
ಪೆನ್ಸಿಲ್ ಹಿಡಿದು ಹತ್ತಿದೆ.