ಸರಿಸು

ಅವರ ನುಡಿಯಲ್ಲಿ ಅದು ಹಳದಿ ನೀರು.
ನಮ್ಮ ಕಿವಿಗೆ ಬಿದ್ದರೆ ಬರೀ ಒಂದು ಆಜ್ಞೆ: ಸರಿಸು.
ಇಲ್ಲಿ ಎರಡೂ ನಿಜ.

ಏಪ್ರಿಲ್‌ನಲ್ಲಿ, ಹಿಮ ಕರಗಿದ ಹದಿನೆಂಟು ದಿನ
ಅದು ನದಿ. ಮಣ್ಣು ಕದಡಿ, ದಡ ಮೀರಿ,
ಸತ್ತ ಕುರಿಯನ್ನೂ ಯಾರದೋ ಬಾಗಿಲನ್ನೂ ಹೊತ್ತು
ಮುಂದೆ ಕಡಲಿದೆ ಎಂದು ನಂಬಿದಂತೆ
ತೆಂಕಣಕ್ಕೆ ಓಡುತ್ತದೆ.
ಕಡಲಿಲ್ಲ.
ಜೂನ್ ಹೊತ್ತಿಗೆ ಅದಕ್ಕೂ ಗೊತ್ತಾಗುತ್ತದೆ.
ಹರಿಯುವುದು ಬಿಟ್ಟು ಕೂರುತ್ತದೆ,
ಇಲ್ಲೊಂದು ಮಡು, ಎರಡು ಹರದಾರಿ ಬಿಟ್ಟು ಇನ್ನೊಂದು,
ನಡುವೆ ಉಪ್ಪಿನ ಬಿಳಿ ಹೆಪ್ಪು.

ಅಳತೆಗಂಬದ ಕೆಲಸ ಬಾಲ್‌ಜಾನಳದು.
ಬೆಳಗ್ಗೆ ಎಂಟಕ್ಕೆ, ಮತ್ತೆ ಸಂಜೆ ಎಂಟಕ್ಕೆ
ನೀರಿನ ಮಟ್ಟ ಬರೆದು ಪಟ್ಟಣಕ್ಕೆ ಹೇಳಬೇಕು.
ಆಗಸ್ಟಿನಲ್ಲಿ ಕಂಬ ನಿಂತಿರುವುದು ಒಣ ಮಣ್ಣಲ್ಲಿ;
ಅದರ ಗೇಣಗಲ ನೆರಳಲ್ಲಿ ಒಂದು ಓತಿಕ್ಯಾತ.
"ನದಿ ಇಲ್ಲ" ಎಂದಳು ಒಮ್ಮೆ ಫೋನಿನಲ್ಲಿ.
"ಇಲ್ಲ ಅನ್ನೋದಕ್ಕೆ ಕಾಲಂ ಇಲ್ಲಮ್ಮ, ಸೊನ್ನೆ ಬರಿ."
ಬರೆದಳು. ಸೊನ್ನೆ, ಸೊನ್ನೆ, ಸೊನ್ನೆ,
ಹಾಳೆ ತುಂಬ ಮಡುಗಳು.

ಅವಳ ಸೋದರಮಾವ ದುಯ್ಸೆಂಬಿಗೆ ಕಂಬ ಬೇಡ.
ಕುದುರೆಯನ್ನು ಮಡುವಿಗೆ ಬಿಟ್ಟು ಅದರ ತುಟಿ ನೋಡುತ್ತಾನೆ.
ಮೂತಿ ಅದ್ದಿ, ಮೇಲ್ದುಟಿ ಮಡಚಿ, ತಲೆ ಕೊಡವಿತೋ
ಉಪ್ಪು ಏರಿದೆ, ಮಂದೆ ಎಬ್ಬಿಸಬೇಕು.
ಕಿವಿ ಆಡಿಸುತ್ತ ಕುಡಿದರೆ ಇನ್ನು ಹತ್ತು ದಿನ.
ಅಷ್ಟರಲ್ಲಿ ಸುತ್ತಲ ಹುಲ್ಲು ಬುಡ ಕಂಡಿರುತ್ತದೆ,
ಗೊರಸು ಎಬ್ಬಿಸಿದ ದೂಳಲ್ಲಿ ಮಾಚಿಪತ್ರೆಯ ಕಹಿ,
ಹಾಲಿಗೂ ಅದೇ ಕಹಿ, ಚಹಾಕ್ಕೂ.

ಅವನು ಹೇಳುವ ಭೂಗೋಳ ಹೀಗೆ:
ಬೀಗರ ಮಡು. ಮದುವೆಯೊಂದು ಮುರಿದದ್ದು ಅಲ್ಲಿ.
ಕುಂಟ ಒಂಟೆ. ಒಳ್ಳೆಯ ನೀರು, ಕೆಟ್ಟ ನೊಣ.
ಆಮೇಲೆ ಹೆಸರಿಲ್ಲದ ಒಂದು; ಅಲ್ಲಿಗೆ ಮಾತು ನಿಲ್ಲಿಸಿ
ಟೋಪಿ ತೆಗೆದು ಮತ್ತೆ ಇಡುತ್ತಾನೆ.
ಮಂದೆಯನ್ನೆಲ್ಲ ಕಿತ್ತುಕೊಂಡು ಹೋದ ಚಳಿಗಾಲ,
ಅವನ ಅಪ್ಪ ಕೂಸಾಗಿದ್ದಾಗ,
ಅಲ್ಲಿಯವರೆಗೆ ಒಂಬತ್ತು ಜನ ನಡೆದಿದ್ದರಂತೆ.
ಅಲ್ಲಿಂದ ಮುಂದೆ ನಾಲ್ಕು.

ನದಿಯ ಮೂಲ ಕೇಳಬಾರದು ಅಂತಾರೆ ನಮ್ಮಲ್ಲಿ.
ಇಲ್ಲಿ ಕೇಳಬಾರದ್ದು ಕೊನೆ.
ಬಾಲ್‌ಜಾನ್ ಚಿಕ್ಕವಳಿದ್ದಾಗ ಕೇಳಿಬಿಟ್ಟಿದ್ದಳು.
ಮಾವ ಜೊಂಡಿನತ್ತ ಕೈ ತೋರಿಸಿ
"ಅಲ್ಲಿ, ಕೆರೆಗಳಿಗೆ ಹೋಗುತ್ತೆ" ಎಂದ.
ಸ್ವಲ್ಪ ತಡೆದು, "ಹೋದ ವರ್ಷ ಹೋಗಲಿಲ್ಲ."

ಅಕ್ಟೋಬರ್. ಡೇರೆಯ ಕಂಬಳಿ ಸುತ್ತಿ ಲಾರಿಗೆ ಏರಿಸಿದರು.
ಮಂದೆ ಹೊರಟಿತು ಮರಳುದಿಬ್ಬಗಳ ಚಳಿಗಾಲದ ಮೇವಿಗೆ,
ಒಣ ಪಾತ್ರದಲ್ಲೇ, ತಿರುವಿಗೆ ತಿರುಗುತ್ತ,
ದಡದಿಂದ ದಡಕ್ಕೆ ಮಾಸಲು ಹಳದಿ ಬೆನ್ನುಗಳು.
ದಾಟಿ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು.

ಸಂಜೆ ಎಂಟಕ್ಕೆ ಟಾರ್ಚು ಹಿಡಿದು ಹೋದಳು.
ಮೈ ತಿಕ್ಕಿಕೊಂಡು ಹೋದ ಕುರಿಗಳ ಉಣ್ಣೆ
ಕಂಬದಲ್ಲಿ, ಅರವತ್ತರ ಗೆರೆಗೆ ಅಂಟಿತ್ತು.
ಅರವತ್ತು ಎಂದೇ ಬರೆದಳು, ಅಂಕಿಯಲ್ಲಿ.
ಸುಮ್ಮನೆ ನೋಡಿದಳು ಸ್ವಲ್ಪ ಹೊತ್ತು.
ಆಮೇಲೆ ಆರನ್ನು ಅಳಿಸಿದಳು.